ಟಾಕಿ ಕಾಲದ ಮೊದಲ ಕ್ರೈಂ ಸಿನಿಮಾಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಮಾತಾಡ್ತಿರೋದು ಯಾವ ಕಾಲದ ಚಿತ್ರಗಳ ಬಗ್ಗೆ?

1928ರಿಂದ 1934ರ ಮಧ್ಯದವರೆಗೆ ಬಂದ ಮಾತಿನ ಕ್ರೈಂ ಚಿತ್ರಗಳ ಬಗ್ಗೆ, ಅವುಗಳಲ್ಲಿ ಅಪರೂಪದವನ್ನು ಹುಡುಕಿ ನೋಡುವ ಹವ್ಯಾಸದ ಬಗ್ಗೆ. ಗ್ಯಾಂಗ್‌ಸ್ಟರ್ ಕತೆ, ಪತ್ತೇದಾರಿ ಕತೆ, ಜೈಲಿನ ಕತೆ, ಒಂಟಿ ಬಂಗಲೆಯಲ್ಲಿ ಕೊಲೆ ನಡೆದು ಎಲ್ಲರ ಮೇಲೂ ಅನುಮಾನ ಬರುವ ಕತೆ, ಎಲ್ಲವೂ ಇದರಲ್ಲಿ ಬರುತ್ತವೆ. 1927ರ 'ದಿ ಜಾಜ್ ಸಿಂಗರ್' ಹೆಸರು ಎಲ್ಲರಿಗೂ ಗೊತ್ತು. ಆದರೆ ಅದರಲ್ಲಿ ಮಾತು ಅಲ್ಲಲ್ಲಿ ಮಾತ್ರ. ಮೊದಲಿನಿಂದ ಕೊನೆಯವರೆಗೆ ಮಾತಿನಲ್ಲೇ ನಡೆಯುವ ಮೊದಲ ಫೀಚರ್ ಚಿತ್ರ 1928ರ ಜುಲೈಯಲ್ಲಿ ವಾರ್ನರ್ ಬ್ರದರ್ಸ್ ತಂದ 'ಲೈಟ್ಸ್ ಆಫ್ ನ್ಯೂಯಾರ್ಕ್'. ಅದು ಕ್ರೈಂ ಚಿತ್ರ! ಕಳ್ಳ ಮದ್ಯ, ನೈಟ್ ಕ್ಲಬ್, ಕೊಲೆ, ಎಲ್ಲಾ ಇದೆ. ಸಿನಿಮಾ ಪೂರ್ತಿಯಾಗಿ ಬಾಯಿ ಬಿಟ್ಟಾಗ ಮೊದಲು ಕೇಳಿಸಿದ್ದು ಪಾತಕಿಗಳ ಮಾತೇ.

ಕೊನೆಯ ಗೆರೆ 1934ರ ಜುಲೈ. ಹಾಲಿವುಡ್‌ನಲ್ಲಿ ಸೆನ್ಸಾರ್ ಬಿಗಿಯಾದದ್ದು ಆಗ. ಅದರ ಕತೆ ಕೆಳಗಿದೆ.

ಹೊಸಬರು ಯಾವುದರಿಂದ ಶುರು ಮಾಡಬೇಕು?

'ಲೈಟ್ಸ್ ಆಫ್ ನ್ಯೂಯಾರ್ಕ್'ನಿಂದ ಮಾತ್ರ ಬೇಡ. ಇತಿಹಾಸಕ್ಕೆ ಅದು ದೊಡ್ಡದು, ನೋಡೋಕೆ ಕಷ್ಟ. ಸುಮಾರು 57 ನಿಮಿಷದ ಚಿತ್ರ, ಎರಡು ಗಂಟೆಯ ಹಾಗೆ ಅನಿಸುತ್ತದೆ.

ಮೊದಲು ವಿಲಿಯಂ ವೆಲ್‌ಮನ್ ಅವರ 'ದಿ ಪಬ್ಲಿಕ್ ಎನಿಮಿ' (1931), ಆಮೇಲೆ ಫ್ರಿಟ್ಜ್ ಲ್ಯಾಂಗ್ ಅವರ 'ಎಂ' (1931), ನಂತರ ಹೊವಾರ್ಡ್ ಹಾಕ್ಸ್ ಅವರ 'ಸ್ಕಾರ್‌ಫೇಸ್' (1932) ನೋಡಿ. ಇವು ಅಪರೂಪದವಲ್ಲ, ಸುಲಭವಾಗಿ ಸಿಗುತ್ತವೆ. ಆದರೆ ಕಿವಿ ಪಳಗಬೇಕಲ್ಲ? ಒಳ್ಳೆಯ ಪ್ರತಿಯಲ್ಲಿ ಒಳ್ಳೆಯ ಚಿತ್ರ ನೋಡಿದ್ದರೆ ಮುಂದೆ ಸವೆದ ಪ್ರತಿಯಲ್ಲಿ ಅಪರೂಪದ ಚಿತ್ರ ಸಿಕ್ಕಾಗ, ಯಾವುದು ಚಿತ್ರದ ದೋಷ, ಯಾವುದು ಪ್ರತಿಯ ದೋಷ ಅಂತ ತಕ್ಷಣ ಗೊತ್ತಾಗುತ್ತದೆ. ಈ ಹವ್ಯಾಸದಲ್ಲಿ ಅರ್ಧ ಕೆಲಸ ಅದೇ.

ಈ ಚಿತ್ರಗಳು ಇಷ್ಟು ನಿಧಾನ ಯಾಕೆ? ನಟರು ನಿಂತಲ್ಲೇ ನಿಂತು ಮಾತಾಡ್ತಾರಲ್ಲ?

1928, 29ರ ಚಿತ್ರಗಳ ಬಗ್ಗೆ ಈ ದೂರು ನ್ಯಾಯವಾದದ್ದೇ. ಆಗಿನ ಕ್ಯಾಮೆರಾ ಓಡುವಾಗ ಗರಗರ ಸದ್ದು ಮಾಡುತ್ತಿತ್ತು. ಮೈಕ್‌ಗೆ ಆ ಸದ್ದು ಕೇಳಬಾರದು ಅಂತ ಕ್ಯಾಮೆರಾವನ್ನೂ ಕ್ಯಾಮೆರಾಮನ್‌ನನ್ನೂ ಒಂದು ಮುಚ್ಚಿದ ಗೂಡಿನಲ್ಲಿ ಕೂರಿಸಿ, ಗಾಜಿನ ಕಿಂಡಿಯಿಂದ ಚಿತ್ರೀಕರಣ ಮಾಡುತ್ತಿದ್ದರು. ಮೂಕಿ ಕಾಲದ ಕೊನೆಯಲ್ಲಿ ಹಾರಾಡುತ್ತಿದ್ದ ಕ್ಯಾಮೆರಾ ಹೀಗೆ ಒಂದೇ ಸಲಕ್ಕೆ ಕಂಬವಾಯಿತು. ಮೈಕ್‌ಗಳಿಗೂ ದೂರದ ಮಾತು ಹಿಡಿಯುವ ಶಕ್ತಿ ಇರಲಿಲ್ಲ. ಅದಕ್ಕೇ ನಟರು ಹೂದಾನಿಯ ಸುತ್ತಲೋ ಮೇಜಿನ ಸುತ್ತಲೋ ಗುಂಪುಗೂಡಿ, ಒಂದೊಂದು ಪದವನ್ನೂ ಬಿಡಿಸಿ ಬಿಡಿಸಿ ಹೇಳುತ್ತಾರೆ. 'ಲೈಟ್ಸ್ ಆಫ್ ನ್ಯೂಯಾರ್ಕ್'ನಲ್ಲಿ ಗ್ಯಾಂಗಿನ ಯಜಮಾನ ಒಬ್ಬನನ್ನು ಮುಗಿಸಿಬಿಡಿ ಅಂತ ತನ್ನ ಕಡೆಯವರಿಗೆ ಹೇಳುವ ದೃಶ್ಯ ನೋಡಿ. ನಾಲ್ಕು ಪದದ ಅಪ್ಪಣೆ ಮುಗಿಯುವಷ್ಟರಲ್ಲಿ ಆ ಮನುಷ್ಯ ಊರು ಬಿಟ್ಟು ಹೋಗಬಹುದಿತ್ತು.

ಇದು ಜಾಸ್ತಿ ದಿನ ನಡೆಯಲಿಲ್ಲ. ಕ್ಯಾಮೆರಾಕ್ಕೆ ಸದ್ದಡಗಿಸುವ ಕವಚ ಬಂತು, ಮೈಕ್ ಬೂಮ್ ಎಂಬ ಉದ್ದ ಕೋಲಿನ ಮೇಲೇರಿತು. 1931ರ ಚಿತ್ರಗಳಲ್ಲಿ ಮಾತು ಗುಂಡಿನ ಹಾಗೆ ಹಾರುತ್ತದೆ. ಜೇಮ್ಸ್ ಕ್ಯಾಗ್ನಿ ಮಾತಾಡುವ ವೇಗ ಇಂದಿನ ಚಿತ್ರಗಳಲ್ಲೂ ಅಪರೂಪ. ಎರಡೂವರೆ ವರ್ಷದಲ್ಲಿ ಒಂದು ಕಲೆ ಇಷ್ಟು ಬದಲಾದದ್ದನ್ನು ಒಂದಾದ ಮೇಲೊಂದು ಚಿತ್ರ ನೋಡುತ್ತಾ ಹಿಡಿಯುವುದೇ ದೊಡ್ಡ ಮಜಾ.

ಹಿನ್ನೆಲೆ ಸಂಗೀತವೇ ಇಲ್ವಲ್ಲ?

ಬಹಳ ಚಿತ್ರಗಳಲ್ಲಿ ಇಲ್ಲ. ಧ್ವನಿಗಳನ್ನು ಬೇರೆ ಬೇರೆ ಮುದ್ರಿಸಿ ಆಮೇಲೆ ಬೆರೆಸುವುದು ಆಗ ಕಷ್ಟ. ಬೆರೆಸಿದಷ್ಟೂ ಗುಣಮಟ್ಟ ಕೆಡುತ್ತಿತ್ತು. ಸಂಗೀತ ಬೇಕಿದ್ದರೆ ಚಿತ್ರೀಕರಣದ ಹೊತ್ತಿಗೇ ನುಡಿಸಬೇಕು. ಹಿಚ್‌ಕಾಕ್ ಅವರ 'ಮರ್ಡರ್!' (1930) ಚಿತ್ರದಲ್ಲಿ ಹರ್ಬರ್ಟ್ ಮಾರ್ಷಲ್ ಕನ್ನಡಿ ಮುಂದೆ ಗಡ್ಡ ಹೆರೆಯುತ್ತಾ ಮನಸ್ಸಿನಲ್ಲೇ ಯೋಚಿಸುತ್ತಾನೆ, ರೇಡಿಯೋದಲ್ಲಿ ವಾಗ್ನರ್ ಸಂಗೀತ ಬರುತ್ತಿರುತ್ತದೆ. ಆ 'ರೇಡಿಯೋ' ಅಸಲಿಗೆ ಸೆಟ್ಟಿನ ಹಿಂದೆ ಕೂತಿದ್ದ ಇಡೀ ವಾದ್ಯವೃಂದ. ಅವನ ಮನಸ್ಸಿನ ಮಾತನ್ನು ಮೊದಲೇ ಮುದ್ರಿಸಿಟ್ಟು ಅಲ್ಲೇ ಹಾಕಿದ್ದರು.

ಸಂಗೀತ ಇಲ್ಲದ್ದು ಕ್ರೈಂ ಚಿತ್ರಕ್ಕೆ ವರವೇ ಆಯಿತು ಅಂತ ನನಗನಿಸುತ್ತದೆ. ಇಲ್ಲಿ ಹೆದರಬೇಕು, ಇಲ್ಲಿ ಅಳಬೇಕು ಅಂತ ಪಿಟೀಲು ಹೇಳಿಕೊಡುವುದಿಲ್ಲ. ಹೆಜ್ಜೆ ಸಪ್ಪಳ, ಬಾಗಿಲು, ಕಾರಿನ ಬ್ರೇಕು ಇಷ್ಟೇ.

ಹಾಗಾದರೆ ಈ ಚಿತ್ರಗಳಲ್ಲಿ ಏನನ್ನು ಗಮನಿಸಬೇಕು?

ಕಣ್ಣಿಗಿಂತ ಕಿವಿ ತೆರೆದಿಡಿ. ಒಳ್ಳೆಯ ನಿರ್ದೇಶಕರಿಗೆ ಒಂದು ವಿಷಯ ಬೇಗ ಹೊಳೆಯಿತು. ಸದ್ದು ಕೇಳಿಸಿದರೆ ಸಾಕು, ಕೃತ್ಯವನ್ನು ತೋರಿಸಬೇಕಾಗಿಲ್ಲ. ಸೆನ್ಸಾರ್ ಕಣ್ತಪ್ಪಿಸೋಕೂ ಇದು ಒಳ್ಳೆಯ ದಾರಿ.

'ಪಬ್ಲಿಕ್ ಎನಿಮಿ'ಯಲ್ಲಿ ಪಟ್ಟಿ ನೋಸ್ ಎಂಬ ಹಳೆಯ ಕಳ್ಳ ಪ್ರಾಣಭಿಕ್ಷೆ ಬೇಡುತ್ತಾ, ಈ ಹುಡುಗರು ಚಿಕ್ಕವರಿದ್ದಾಗ ತಾನು ಹಾಡುತ್ತಿದ್ದ ಹಾಡನ್ನು ಪಿಯಾನೋ ಮುಂದೆ ಕೂತು ಮತ್ತೆ ಹಾಡುತ್ತಾನೆ. ಕ್ಯಾಗ್ನಿ ಅವನ ಹಿಂದೆ ನಿಂತಿದ್ದಾನೆ. ಕ್ಯಾಮೆರಾ ಮೆಲ್ಲಗೆ ಅಲ್ಲಿಂದ ಸರಿದು ಬಾಗಿಲ ಹತ್ತಿರ ನಿಂತ ಗೆಳೆಯನ ಮುಖಕ್ಕೆ ಬರುತ್ತದೆ. ಗುಂಡಿನ ಸದ್ದು. ಹಾಡು ಅರ್ಧಕ್ಕೆ ನಿಂತು, ಪಿಯಾನೋ ಕೀಗಳ ಮೇಲೆ ದೇಹ ಬಿದ್ದ ಸದ್ದು. ಕೊಲೆ ನಮಗೆ ಕಾಣುವುದೇ ಇಲ್ಲ. ಅದೇ ಚಿತ್ರದ ಕೊನೆಯ ಹತ್ತಿರ ಕ್ಯಾಗ್ನಿ ಸುರಿಯುವ ಮಳೆಯಲ್ಲಿ ಶತ್ರುಗಳ ಅಡ್ಡೆಗೆ ನುಗ್ಗುತ್ತಾನೆ. ಕ್ಯಾಮೆರಾ ಹೊರಗೇ ನಿಲ್ಲುತ್ತದೆ. ಒಳಗಿನದೆಲ್ಲ ಕೇಳಿಸಿಕೊಂಡೇ ತಿಳಿಯಬೇಕು.

ಹಿಚ್‌ಕಾಕ್ ಅವರ 'ಬ್ಲ್ಯಾಕ್‌ಮೇಲ್' (1929) ಇನ್ನೊಂದು ಪಾಠ. ಮಾನಭಂಗಕ್ಕೆ ಬಂದವನನ್ನು ಚಾಕುವಿನಿಂದ ಕೊಂದ ಹುಡುಗಿ ಮರುದಿನ ಬೆಳಿಗ್ಗೆ ತಿಂಡಿಗೆ ಕೂತಿದ್ದಾಳೆ. ಪಕ್ಕದ ಮನೆಯಾಕೆ ಕೊಲೆಯ ಸುದ್ದಿಯನ್ನು ಬಾಯಿ ಮುಚ್ಚದೆ ಹೇಳುತ್ತಿದ್ದಾಳೆ. ಬರಬರುತ್ತಾ ಆಕೆಯ ಮಾತು ಮಸುಕಾಗಿ ಬರೀ ಗೊಣಗಾಟವಾಗುತ್ತದೆ, 'ಚಾಕು' ಅನ್ನೋ ಒಂದು ಪದ ಮಾತ್ರ ಸ್ಪಷ್ಟವಾಗಿ ಚುಚ್ಚುತ್ತದೆ. ಬ್ರೆಡ್ ಕತ್ತರಿಸಲು ಹುಡುಗಿ ಕೈಗೆತ್ತಿಕೊಂಡ ಚಾಕು ಹಾರಿ ಬೀಳುತ್ತದೆ. ಟಾಕಿ ಬಂದು ಎರಡು ವರ್ಷ ಕೂಡ ಆಗದ ಹೊತ್ತಿನಲ್ಲಿ ಒಬ್ಬಳ ಕಿವಿಯೊಳಗೆ ನಮ್ಮನ್ನು ಕೂರಿಸಿದ ದೃಶ್ಯ ಇದು. ಇದರ ನಾಯಕಿ ಆನಿ ಓಂಡ್ರಾ ಅವರ ಇಂಗ್ಲಿಷಿನಲ್ಲಿ ವಿದೇಶಿ ಛಾಯೆ ಜಾಸ್ತಿ ಇದ್ದುದರಿಂದ ಅವರು ತುಟಿ ಆಡಿಸಿದರು, ಜೋನ್ ಬ್ಯಾರಿ ಎಂಬ ನಟಿ ಕ್ಯಾಮೆರಾಕ್ಕೆ ಕಾಣದಂತೆ ನಿಂತು ಮಾತಾಡಿದರು. ಗೊತ್ತಿದ್ದು ನೋಡಿದರೆ ತುಟಿಗೂ ದನಿಗೂ ಇರುವ ಸಣ್ಣ ಸಂದು ಕಾಣುತ್ತದೆ.

ಇನ್ನು 'ಎಂ'. ತಾಯಿ ಮಗಳ ಹೆಸರು ಕೂಗುತ್ತಾಳೆ. ತೆರೆಯ ಮೇಲೆ ಖಾಲಿ ಮೆಟ್ಟಿಲು, ಬಟ್ಟೆ ಒಣಹಾಕಿದ ಖಾಲಿ ಅಟ್ಟ, ಊಟದ ಮೇಜಿನ ಮೇಲೆ ಖಾಲಿ ತಟ್ಟೆ. ಕೂಗು ದೂರವಾಗುತ್ತಾ ಹೋಗುತ್ತದೆ. ಹುಲ್ಲಿನ ಮೇಲೆ ಚೆಂಡೊಂದು ಉರುಳಿ ಬಂದು ನಿಲ್ಲುತ್ತದೆ, ಬಲೂನು ತಂತಿಗೆ ಸಿಕ್ಕಿಕೊಳ್ಳುತ್ತದೆ. ಮಗು ಸತ್ತಿತು ಅಂತ ಯಾರೂ ಹೇಳುವುದಿಲ್ಲ. ಕೊಲೆಗಾರ ಸಿಕ್ಕಿಬೀಳುವುದು ಕೂಡ ಸದ್ದಿನಿಂದಲೇ. ಅವನು ಶಿಳ್ಳೆಯಲ್ಲಿ ಹಾಡುವ ಗ್ರೀಗ್‌ನ ಧಾಟಿಯನ್ನು ಕುರುಡು ಬಲೂನು ವ್ಯಾಪಾರಿ ಗುರುತು ಹಿಡಿಯುತ್ತಾನೆ. 'ಸ್ಕಾರ್‌ಫೇಸ್' ಶುರುವಾಗುವುದೂ ಶಿಳ್ಳೆ ಹಾಕುತ್ತಾ ಬರುವ ಕೊಲೆಗಾರನ ನೆರಳಿನಿಂದ. ಅವನದು ಇಟಾಲಿಯನ್ ಆಪೆರಾದ ಧಾಟಿ. ಎರಡು ದೇಶಗಳಲ್ಲಿ ಸರಿಸುಮಾರು ಒಂದೇ ಹೊತ್ತಿಗೆ ಇದು ಹೊಳೆದಿದೆ, ಚೆನ್ನಾಗಿದೆ ಅಲ್ವಾ?

ಇವುಗಳ ಜೊತೆಗೆ ಜೋಸೆಫ್ ಫಾನ್ ಸ್ಟರ್ನ್‌ಬರ್ಗ್ ಅವರ 'ಥಂಡರ್‌ಬೋಲ್ಟ್' (1929) ನೋಡಿ. ಮರಣದಂಡನೆಯ ಕೈದಿಗಳ ಸಾಲಿನಲ್ಲಿ, ಕಾಣದ ಕಡೆಯಿಂದ ಬರುವ ಹಾಡುಗಳನ್ನು ಗಮನಿಸಿ. ರೂಬೆನ್ ಮಮೂಲಿಯನ್ ಅವರ 'ಸಿಟಿ ಸ್ಟ್ರೀಟ್ಸ್' (1931) ಚಿತ್ರದಲ್ಲಿ ಜೈಲಿನಲ್ಲಿರುವ ಸಿಲ್ವಿಯಾ ಸಿಡ್ನಿಯ ಮುಖದ ಮೇಲೆ ಹಳೆಯ ಮಾತುಗಳು ನೆನಪಾಗಿ ಕೇಳಿಸುತ್ತವೆ. ಆಗ ಇದು ಹೊಚ್ಚಹೊಸದು. 'ಐ ಆಮ್ ಎ ಫ್ಯುಜಿಟಿವ್ ಫ್ರಮ್ ಎ ಚೈನ್ ಗ್ಯಾಂಗ್' (1932) ಮುಗಿಯುವಾಗ ಪಾಲ್ ಮುನಿಯ ಮುಖ ಕತ್ತಲಿಗೆ ಸರಿದುಹೋಗಿ, ಬರೀ ದನಿ ಉಳಿಯುತ್ತದೆ.

ಹೇಸ್ ನೀತಿಸಂಹಿತೆ ಅಂತಾರಲ್ಲ, ಅದೇನು?

ಹಾಲಿವುಡ್ ತನಗೆ ತಾನೇ ಹಾಕಿಕೊಂಡ ಬೇಲಿ. ಏನು ತೋರಿಸಬಹುದು, ಏನು ತೋರಿಸಬಾರದು ಎಂಬ ನಿಯಮಗಳು 1930ರಲ್ಲೇ ಬರೆದಾಗಿದ್ದವು. ಆದರೆ ನಾಲ್ಕು ವರ್ಷ ಯಾರೂ ಅಷ್ಟಾಗಿ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. 1934ರ ಜುಲೈಯಿಂದ ಈ ನಿಯಮಗಳನ್ನು ಜಾರಿ ಮಾಡುತ್ತಿದ್ದ ಜೋಸೆಫ್ ಬ್ರೀನ್ ಅವರ ಕಚೇರಿಯ ಒಪ್ಪಿಗೆ ಮುದ್ರೆ ಇಲ್ಲದೆ ದೊಡ್ಡ ಸ್ಟುಡಿಯೋಗಳ ಯಾವ ಚಿತ್ರವೂ ಥಿಯೇಟರಿಗೆ ಹೋಗುವಂತಿರಲಿಲ್ಲ.

ನಮಗೆ ಮುಖ್ಯವಾದ ವಿಷಯ ಬೇರೆ. ಹಳೆಯ ಚಿತ್ರವನ್ನು ಮರುಬಿಡುಗಡೆ ಮಾಡಬೇಕಿದ್ದರೂ ಈ ಮುದ್ರೆ ಬೇಕಿತ್ತು. ಆಗ ಕತ್ತರಿ ಬಿತ್ತು. 'ಪಬ್ಲಿಕ್ ಎನಿಮಿ' 1941ರಲ್ಲಿ ಮತ್ತೆ ಬಂದಾಗ, ದರ್ಜಿ ಕ್ಯಾಗ್ನಿಯ ಅಳತೆ ತೆಗೆಯುವ ತುಂಟ ದೃಶ್ಯವೂ ಸೇರಿ ಕೆಲವು ಭಾಗಗಳು ಹೋದವು. ಅವು ವಾಪಸ್ ಬಂದದ್ದು 2005ರ ಡಿವಿಡಿಯಲ್ಲಿ. ಕೆಲವು ಚಿತ್ರಗಳಿಗಂತೂ ಮುದ್ರೆಯೇ ಸಿಗಲಿಲ್ಲ. 1931ರ 'ದಿ ಮಾಲ್ಟೀಸ್ ಫಾಲ್ಕನ್' ಚಿತ್ರವನ್ನು 1936ರಲ್ಲಿ ಮತ್ತೆ ತರಲು ವಾರ್ನರ್ ಕೇಳಿದಾಗ ಆಗದು ಅಂದರು. ಅದೇ ಕತೆಯನ್ನು ಬೇರೆ ಹೆಸರಲ್ಲಿ ಮತ್ತೆ ತೆಗೆದರು. 1941ರಲ್ಲಿ ಹಂಫ್ರಿ ಬೋಗಾರ್ಟ್ ಹಾಕಿಕೊಂಡು ಮೂರನೇ ಸಲ. ಆ ಮೂರನೆಯದು ಜಗತ್ಪ್ರಸಿದ್ಧವಾಗಿ ಮೊದಲನೆಯದು ಮೂಲೆ ಸೇರಿತು.

ಈ ಚಿತ್ರಗಳು ಅಪರೂಪ ಆದದ್ದು ಹೇಗೆ? ಎಲ್ಲಾ ಸುಟ್ಟುಹೋದವಾ?

ಕೆಲವು ನಿಜವಾಗಿಯೂ ಸುಟ್ಟುಹೋದವು. ಆಗಿನ 35 ಎಂಎಂ ಫಿಲ್ಮು ನೈಟ್ರೇಟ್, ಅಂದರೆ ಹೆಚ್ಚುಕಡಿಮೆ ಸಿಡಿಮದ್ದಿನ ಸಂಬಂಧಿ. 1937ರ ಜುಲೈ 9ರಂದು ನ್ಯೂಜೆರ್ಸಿಯ ಲಿಟಲ್ ಫೆರಿಯಲ್ಲಿ ಫಾಕ್ಸ್ ಕಂಪನಿಯ ಉಗ್ರಾಣಕ್ಕೆ ಬೆಂಕಿ ಬಿದ್ದು ಅಲ್ಲಿಟ್ಟಿದ್ದ ಹಳೆಯ ಚಿತ್ರಗಳೆಲ್ಲ ಬೂದಿಯಾದವು. ವಾರ್ನರ್ ಓಲಂಡ್ ನಟಿಸಿದ ಚಾರ್ಲಿ ಚಾನ್ ಪತ್ತೇದಾರಿ ಚಿತ್ರಗಳಲ್ಲಿ ನಾಲ್ಕು ಇವತ್ತಿಗೂ ಇಲ್ಲ.

ಆದರೆ ಸುಟ್ಟುಹೋಗಿದ್ದರಿಂದ ಅಪರೂಪವಾದ ಚಿತ್ರಗಳಿಗಿಂತ ಕಾಗದಪತ್ರದಿಂದ ಅಪರೂಪವಾದವು ನಮ್ಮ ಕಣ್ಣಿಗೆ ಜಾಸ್ತಿ ಬೀಳುತ್ತವೆ. ಚಿತ್ರ ಇದೆ, ಚೆನ್ನಾಗಿಯೇ ಇದೆ, ಹೊರಗೆ ಬರುವುದಿಲ್ಲ. 'ಸ್ಕಾರ್‌ಫೇಸ್' ನಿರ್ಮಾಪಕ ಹೊವಾರ್ಡ್ ಹ್ಯೂಸ್ ಅದನ್ನು ದಶಕಗಳ ಕಾಲ ತನ್ನ ಹತ್ತಿರವೇ ಇಟ್ಟುಕೊಂಡ. 1976ರಲ್ಲಿ ಅವನು ತೀರಿಕೊಂಡ ಮೇಲೆ, 1979ರಲ್ಲಿ ಅದು ಮತ್ತೆ ಜನರ ಮುಂದೆ ಬಂತು. ಪ್ಯಾರಾಮೌಂಟ್ 1929ರಿಂದ 1949ರವರೆಗಿನ ತನ್ನ ಸುಮಾರು 700 ಚಿತ್ರಗಳನ್ನು 1958ರಲ್ಲಿ ಟಿವಿಗೆಂದು ಎಂಸಿಎ ಕಂಪನಿಗೆ ಮಾರಿತು. ಈಗ ಅವು ಯೂನಿವರ್ಸಲ್ ಕೈಯಲ್ಲಿವೆ. ಹಾಗಾಗಿ ಹಳೆಯ ಪ್ಯಾರಾಮೌಂಟ್ ಕ್ರೈಂ ಚಿತ್ರವನ್ನು ಪ್ಯಾರಾಮೌಂಟ್ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಮಿರಿಯಂ ಹಾಪ್ಕಿನ್ಸ್ ನಟಿಸಿದ 'ದಿ ಸ್ಟೋರಿ ಆಫ್ ಟೆಂಪಲ್ ಡ್ರೇಕ್' (1933) ಚಿತ್ರಕ್ಕೆ ಹೇಸ್ ಸಂಹಿತೆಯ ದೆಸೆಯಿಂದ ದೀರ್ಘ ವನವಾಸ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಅದನ್ನು ದುರಸ್ತಿ ಮಾಡಿದ ಮೇಲೆಯೇ ಈಚಿನವರು ಸರಿಯಾಗಿ ನೋಡಿದ್ದು.

ಕಳೆದುಹೋಯಿತು ಅಂದುಕೊಂಡದ್ದು ಮತ್ತೆ ಸಿಗುತ್ತದಾ?

ಸಿಗುತ್ತದೆ, ಅದೂ ಊಹಿಸದ ಕಡೆ. 'ಮಿಸ್ಟರಿ ಆಫ್ ದಿ ವ್ಯಾಕ್ಸ್ ಮ್ಯೂಸಿಯಂ' (1933) ಎರಡು ಬಣ್ಣದ ಟೆಕ್ನಿಕಲರ್‌ನಲ್ಲಿ ತೆಗೆದ ಕೊಲೆ ಕತೆ. ಹೋಯಿತು ಅಂತಲೇ ಎಲ್ಲರೂ ಕೈತೊಳೆದುಕೊಂಡಿದ್ದರು. ಕೊನೆಗೆ ಒಂದು ಪ್ರಿಂಟ್ ಸಿಕ್ಕಿದ್ದು ಸ್ಟುಡಿಯೋ ಯಜಮಾನ ಜ್ಯಾಕ್ ವಾರ್ನರ್ ಅವರ ಸ್ವಂತ ಸಂಗ್ರಹದಲ್ಲಿ! 1928ರ 'ದಿ ರ‍್ಯಾಕೆಟ್' ಮೂಕಿ ಚಿತ್ರ. ಆದರೆ ಗ್ಯಾಂಗ್‌ಸ್ಟರ್ ಟಾಕಿಗಳಿಗೆ ಅಣ್ಣನಿದ್ದ ಹಾಗೆ. ಅದು ಸಿಕ್ಕಿದ್ದು ಹ್ಯೂಸ್ ಬಿಟ್ಟುಹೋದ ಸಂಗ್ರಹದಲ್ಲಿ. 2004ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ 'ಬೇಬಿ ಫೇಸ್' (1933) ಚಿತ್ರದ, ಸೆನ್ಸಾರ್ ಕೈಗೆ ಸಿಗುವ ಮೊದಲಿನ ನೆಗೆಟಿವ್ ಸಿಕ್ಕಿತು. ಅದು ಕ್ರೈಂ ಚಿತ್ರವಲ್ಲ, ಆದರೂ ಹೇಳಬೇಕು. ಯಾಕೆಂದರೆ ಅದು ಪಾಳುಬಿದ್ದ ಮನೆಯಲ್ಲಿ ಸಿಕ್ಕಿದ್ದಲ್ಲ. ದೇಶದ ದೊಡ್ಡ ಸಂಗ್ರಹಾಲಯದ ಕಪಾಟಿನಲ್ಲೇ ಇತ್ತು, ಪಕ್ಕದ ಡಬ್ಬಿಗಿಂತ ಇದು ಉದ್ದ ಇದೆಯಲ್ಲ ಅಂತ ಯಾರೋ ಗಮನಿಸಬೇಕಿತ್ತು ಅಷ್ಟೇ.

ಅರ್ಧ ಸಿಗುವುದೂ ಉಂಟು. ವಾರ್ನರ್‌ನ ಎರಡನೇ ಪೂರ್ಣ ಟಾಕಿ 'ದಿ ಟೆರರ್' (1928) ಕೊಲೆಗಾರನೊಬ್ಬ ಅಡಗಿರುವ ಹಳೆಯ ಮನೆಯ ಕತೆ. ಅದರಲ್ಲಿ ನಟರ ಹೆಸರುಗಳನ್ನೂ ಬರೆದು ತೋರಿಸದೆ ಬಾಯಲ್ಲೇ ಹೇಳಿದ್ದರು. ಚಿತ್ರ ಇಲ್ಲ, ಧ್ವನಿಯ ಡಿಸ್ಕ್‌ಗಳು ಉಳಿದಿವೆ.

ಧ್ವನಿ ಬೇರೆ, ಚಿತ್ರ ಬೇರೆ ಇತ್ತಾ?

ಹೌದು. ವಾರ್ನರ್ ಕಂಪನಿಯ ವೀಟಾಫೋನ್ ಪದ್ಧತಿಯಲ್ಲಿ ಮಾತು ಫಿಲ್ಮಿನ ಮೇಲೆ ಇರುತ್ತಿರಲಿಲ್ಲ. 16 ಇಂಚಿನ ದೊಡ್ಡ ಗ್ರಾಮಫೋನ್ ತಟ್ಟೆಗಳ ಮೇಲೆ ಇರುತ್ತಿತ್ತು. ನಿಮಿಷಕ್ಕೆ 33⅓ ಸುತ್ತು, ಮುಳ್ಳು ಒಳಗಿನಿಂದ ಹೊರಗೆ ಓಡುತ್ತದೆ, ಒಂದು ತಟ್ಟೆಗೆ ಸುಮಾರು 11 ನಿಮಿಷ. ಒಂದು ರೀಲಿಗೆ ಒಂದು ತಟ್ಟೆ. ಫಿಲ್ಮು ಎಲ್ಲಾದರೂ ಹರಿದರೆ, ಹೋದಷ್ಟೇ ಉದ್ದದ ಕಪ್ಪು ಪಟ್ಟಿಯನ್ನು ಅಲ್ಲಿ ಅಂಟಿಸಬೇಕಿತ್ತು. ಇಲ್ಲದಿದ್ದರೆ ರೀಲು ಮುಗಿಯುವವರೆಗೂ ನಾಯಕಿಯ ಬಾಯಲ್ಲಿ ಖಳನ ಮಾತು! ಫಾಕ್ಸ್‌ನ ಮೂವೀಟೋನ್ ಪದ್ಧತಿಯಲ್ಲಿ ಧ್ವನಿ ಫಿಲ್ಮಿನ ಅಂಚಿನಲ್ಲೇ ಇತ್ತು. ಕೊನೆಗೆ ಗೆದ್ದದ್ದು ಅದೇ ದಾರಿ. ಒಂಟಿಯಾಗಿ ಉಳಿದ ತಟ್ಟೆಗಳನ್ನೂ ಒಂಟಿಯಾಗಿ ಉಳಿದ ಫಿಲ್ಮುಗಳನ್ನೂ ಜೋಡಿ ಮಾಡುವ ಕೆಲಸವನ್ನು ವೀಟಾಫೋನ್ ಪ್ರಾಜೆಕ್ಟ್ ಎಂಬ ಹವ್ಯಾಸಿಗಳ ಗುಂಪು 1991ರಿಂದ ಮಾಡುತ್ತಾ ಬಂದಿದೆ.

ಒಂದೇ ಚಿತ್ರಕ್ಕೆ ಎರಡು ಮೂರು ಆವೃತ್ತಿ ಇರುತ್ತವಂತೆ, ನಿಜವಾ?

ನಿಜ. ಎಲ್ಲಾ ಥಿಯೇಟರಿನಲ್ಲೂ ಸ್ಪೀಕರ್ ಇರಲಿಲ್ಲವಾದ್ದರಿಂದ 'ಬ್ಲ್ಯಾಕ್‌ಮೇಲ್' ಚಿತ್ರಕ್ಕೆ ಮೂಕಿ ರೂಪವೂ ಇದೆ. ಚಿತ್ರವಾಗಿ ಅದೇ ಹೆಚ್ಚು ಸೊಗಸು ಅನ್ನುವವರಿದ್ದಾರೆ, ನಾನು ಅವರ ಕಡೆಯಲ್ಲ. 'ದಿ ಕನೇರಿ ಮರ್ಡರ್ ಕೇಸ್' (1929) ಮೂಕಿಯಾಗಿ ತೆಗೆದು ಆಮೇಲೆ ಟಾಕಿ ಮಾಡಿದ ಚಿತ್ರ. ಮಾತು ಸೇರಿಸಲು ಲೂಯಿಸ್ ಬ್ರೂಕ್ಸ್ ವಾಪಸ್ ಬರಲು ಒಪ್ಪಲಿಲ್ಲ, ಮಾರ್ಗರೆಟ್ ಲಿವಿಂಗ್‌ಸ್ಟನ್ ದನಿ ಕೊಟ್ಟರು.

ಡಬ್ಬಿಂಗ್ ಇನ್ನೂ ಕುದುರಿರದ ಕಾಲ. ಬೇರೆ ಭಾಷೆಗೆ ಬೇಕಿದ್ದರೆ ಅದೇ ಸೆಟ್ಟಿನಲ್ಲಿ ಬೇರೆ ನಟರನ್ನು ನಿಲ್ಲಿಸಿ ಮತ್ತೆ ತೆಗೆಯುತ್ತಿದ್ದರು. ಎಂಜಿಎಂನ ಜೈಲು ಚಿತ್ರ 'ದಿ ಬಿಗ್ ಹೌಸ್' (1930) ಫ್ರೆಂಚ್, ಜರ್ಮನ್, ಸ್ಪ್ಯಾನಿಶ್‌ನಲ್ಲೂ ಇದೆ. ಹಿಚ್‌ಕಾಕ್ 'ಮರ್ಡರ್!' ಚಿತ್ರವನ್ನು ಜರ್ಮನ್‌ನಲ್ಲಿ 'ಮೇರಿ' ಎಂದು ತೆಗೆದರು. ಹುಡುಕುವವರಿಗೆ ಇದು ಸುಮ್ನೆ ಕುತೂಹಲದ ವಿಷಯವಲ್ಲ. ಕಳೆದುಹೋದ ನಾಲ್ಕು ಚಾನ್ ಚಿತ್ರಗಳಲ್ಲಿ ಮೊದಲನೆಯದಾದ 'ಚಾರ್ಲಿ ಚಾನ್ ಕ್ಯಾರೀಸ್ ಆನ್' (1931) ಹೇಗಿತ್ತು ಅಂತ ಇಂದು ತಿಳಿಯುವುದು ಅದರ ಸ್ಪ್ಯಾನಿಶ್ ಜೋಡಿ 'ಎರಾನ್ ತ್ರೇಸೆ' ಉಳಿದಿರುವುದರಿಂದ.

ಅಮೆರಿಕ, ಬ್ರಿಟನ್ ಬಿಟ್ಟು ಬೇರೆ ಕಡೆ?

ಜರ್ಮನಿಯಲ್ಲಿ ಲ್ಯಾಂಗ್ ಅವರ 'ದಿ ಟೆಸ್ಟಮೆಂಟ್ ಆಫ್ ಡಾ. ಮಬೂಸೆ' (1933). ನಾಜಿಗಳು ಅದನ್ನು ನಿಷೇಧಿಸಿದರು, ಮೊದಲ ಪ್ರದರ್ಶನ ಬುಡಾಪೆಸ್ಟ್‌ನಲ್ಲಿ ಆಯಿತು. ಫ್ರಾನ್ಸಿನಲ್ಲಿ ಜಾನ್ ರೆನ್ವಾರ್ ಅವರ 'ಲಾ ನ್ವಿ ದ್ಯು ಕಾರ್‌ಫೂರ್' (1932), ಇನ್‌ಸ್ಪೆಕ್ಟರ್ ಮೇಗ್ರೆ ತೆರೆಗೆ ಬಂದ ಮೊದಲ ಚಿತ್ರ. ಮೇಗ್ರೆ ಆಗಿರುವುದು ನಿರ್ದೇಶಕರ ಅಣ್ಣ ಪಿಯರ್. ಮಂಜು, ಮಳೆ, ಕತ್ತಲೆ ರಸ್ತೆ ಎಲ್ಲ ಅದ್ಭುತ. ಕತೆ ಮಾತ್ರ ತಲೆಬುಡ ತಿಳಿಯುವುದಿಲ್ಲ. ರೀಲು ಕಳೆದುಹೋಗಿದ್ದಕ್ಕೇ ಹಾಗೆ ಅಂತ ಹಿಂದಿನಿಂದ ಒಂದು ಮಾತಿದೆ. ಇದ್ದಿದ್ದರೂ ತಿಳಿಯುತ್ತಿತ್ತು ಅಂತ ನನಗೆ ನಂಬಿಕೆ ಇಲ್ಲ, ಅದರಿಂದ ಚಿತ್ರಕ್ಕೆ ನಷ್ಟವೂ ಇಲ್ಲ.

ನನ್ನ ಹತ್ತಿರ ಇರುವ ಪ್ರತಿ ಪೂರ್ತಿಯಾದದ್ದಾ ಅಂತ ಹೇಗೆ ತಿಳಿಯುವುದು?

ಈ ಇಡೀ ಪುಟದಲ್ಲಿ ಬಹಳ ಮುಖ್ಯವಾದ ಪ್ರಶ್ನೆ ಇದೇ. ಚಿತ್ರ ಸಿಕ್ಕಿತಾ ಅನ್ನೋದಕ್ಕಿಂತ ಅದರ ಯಾವ ಪ್ರತಿ ಸಿಕ್ಕಿತು ಅನ್ನೋದು ಮೊದಲು ನೋಡಬೇಕಾದ್ದು.

ಮೊದಲು ಉದ್ದ ಲೆಕ್ಕ ಹಾಕಿ. ಆಗಿನ ಸಿನಿಮಾ ಪತ್ರಿಕೆಗಳು ಚಿತ್ರದ ಉದ್ದವನ್ನು ಅಡಿಗಳಲ್ಲಿ ಅಥವಾ ರೀಲುಗಳಲ್ಲಿ ಕೊಡುತ್ತಿದ್ದವು. ಟಾಕಿ ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತದೆ. 6,300 ಅಡಿ ಅಂತ ಇದ್ದರೆ 70 ನಿಮಿಷ. ನಿಮ್ಮ ಪ್ರತಿ 64 ನಿಮಿಷಕ್ಕೆ ಮುಗಿದರೆ ಆರು ನಿಮಿಷ ಎಲ್ಲೋ ಹೋಗಿದೆ. ಒಂದು ಎಚ್ಚರಿಕೆ: ಯುರೋಪಿನ ಹಳೆಯ ಟಿವಿ, ಡಿವಿಡಿ ಪ್ರತಿಗಳು ಸೆಕೆಂಡಿಗೆ 24ರ ಬದಲು 25 ಫ್ರೇಮಿನಲ್ಲಿ ಓಡುತ್ತವೆ. ಅದರಿಂದ 70 ನಿಮಿಷದ ಚಿತ್ರ ಸುಮಾರು 67ಕ್ಕೇ ಮುಗಿಯುತ್ತದೆ, ದನಿಯೂ ಒಂಚೂರು ಕೀರಲಾಗುತ್ತದೆ. ಅದನ್ನು ಕತ್ತರಿ ಅಂದುಕೊಳ್ಳಬೇಡಿ.

ಆಮೇಲೆ ಚೌಕಟ್ಟಿನ ಆಕಾರ ನೋಡಿ. ಫಿಲ್ಮಿನ ಅಂಚಿನಲ್ಲಿ ಧ್ವನಿಗೆ ಜಾಗ ಬಿಡಬೇಕಿದ್ದುದರಿಂದ 1932ಕ್ಕೆ ಮೊದಲಿನ ಬಹಳ ಚಿತ್ರಗಳು ಹೆಚ್ಚುಕಡಿಮೆ ಚೌಕವಾಗಿರುತ್ತವೆ. ಎತ್ತರ 1 ಆದರೆ ಅಗಲ 1.19. ಆಮೇಲೆ 1.37 ರೂಢಿಗೆ ಬಂತು. 'ಎಂ' ಚಿತ್ರವನ್ನು 1.37ಕ್ಕೆ ಹೊಂದಿಸಿದ ಹಳೆಯ ಪ್ರತಿಗಳಲ್ಲಿ ತಲೆಯ ಮೇಲ್ಭಾಗ ಹಾರಿಹೋಗಿರುತ್ತದೆ. ಪಾತ್ರಗಳ ಹಣೆ ಪದೇ ಪದೇ ಕತ್ತರಿಸಿದ್ದರೆ ಅದು ಕ್ಯಾಮೆರಾಮನ್ ತಪ್ಪಲ್ಲ.

ಶುರುವಿನ ಟೈಟಲ್ ಕಾರ್ಡ್ ಅನುಮಾನದಿಂದ ನೋಡಿ. ಅಕ್ಷರದ ಶೈಲಿ ಚಿತ್ರಕ್ಕಿಂತ ಹೊಸದಾಗಿ ಕಂಡರೆ ಅದು ಮರುಬಿಡುಗಡೆ ಪ್ರಿಂಟ್ ಅಥವಾ ಟಿವಿಗೆ ಮಾಡಿದ 16 ಎಂಎಂ ಪ್ರತಿ. ಮಾತಿನ ಮಧ್ಯೆ ಚಿತ್ರ ಟಕ್ಕನೆ ನೆಗೆದು, ಅದರ ಹಿಂದೆ ಮುಂದೆ ಮಂಚವೋ ಮದ್ಯವೋ ಇದ್ದರೆ ಅದು ಸೆನ್ಸಾರ್ ಕತ್ತರಿ. ಸುಮ್ನೆ ಎಲ್ಲೆಂದರಲ್ಲಿ, ಅದರಲ್ಲೂ ರೀಲಿನ ಕೊನೆಯಲ್ಲಿ ನೆಗೆದರೆ ಸವೆತ.

ಹುಡುಕಾಟ ಎಲ್ಲಿಂದ ಶುರು?

ಹೆಸರಿನಿಂದ. ಒಂದೇ ಚಿತ್ರಕ್ಕೆ ಅಮೆರಿಕದಲ್ಲಿ ಒಂದು, ಬ್ರಿಟನ್ನಿನಲ್ಲಿ ಇನ್ನೊಂದು, ಟಿವಿಯಲ್ಲಿ ಮತ್ತೊಂದು ಹೆಸರು. 1931ರ 'ಮಾಲ್ಟೀಸ್ ಫಾಲ್ಕನ್' ಟಿವಿಯಲ್ಲಿ 'ಡೇಂಜರಸ್ ಫೀಮೇಲ್' ಆಗಿತ್ತು. ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನ ಕ್ಯಾಟಲಾಗ್ ಅಂತರ್ಜಾಲದಲ್ಲಿ ಉಚಿತ. ಬೇರೆ ಹೆಸರು, ಬಿಡುಗಡೆ ದಿನ, ರೀಲಿನ ಲೆಕ್ಕ ಅಲ್ಲಿ ಸಿಗುತ್ತವೆ.

ಆಮೇಲೆ ಹಳೆಯ ಪತ್ರಿಕೆಗಳು. ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿಯಲ್ಲಿ 'ಫಿಲ್ಮ್ ಡೈಲಿ', 'ಮೋಷನ್ ಪಿಕ್ಚರ್ ಹೆರಾಲ್ಡ್' ಥರದ ಪತ್ರಿಕೆಗಳ ಪುಟಗಳು ಉಚಿತವಾಗಿವೆ. ಅದರ ಹುಡುಕು ಸಾಧನದ ಹೆಸರು ಲ್ಯಾಂಟರ್ನ್. ಅಲ್ಲಿ ಚಿತ್ರದ ಹೆಸರಿಗಿಂತ ಸಣ್ಣ ನಟರ ಹೆಸರು ಹಾಕಿ ಹುಡುಕುವುದು ಜಾಸ್ತಿ ಫಲ ಕೊಡುತ್ತದೆ. 'ಅಲಿಬಿ', 'ನೈಟ್' ಅಂತ ಹಾಕಿದರೆ ಸಾವಿರ ಪುಟ ಬಂದು ಬೀಳುತ್ತವೆ.

ಮೂರನೆಯದು ಹಕ್ಕು ಈಗ ಯಾರ ಹತ್ತಿರ ಇದೆ ಅಂತ ತಿಳಿಯುವುದು. ಹಳೆಯ ವಾರ್ನರ್, ಎಂಜಿಎಂ, ಆರ್‌ಕೆಓ ಚಿತ್ರಗಳು ಬಹುಪಾಲು ಇಂದಿನ ವಾರ್ನರ್ ಕೈಯಲ್ಲಿವೆ. 2009ರಲ್ಲಿ ಶುರುವಾದ ವಾರ್ನರ್ ಆರ್ಕೈವ್ ಸರಣಿಯಿಂದ ಎಷ್ಟೋ ಮರೆತ ಚಿತ್ರಗಳು ಡಿಸ್ಕ್‌ಗೆ ಬಂದವು. ಸಣ್ಣ ಕಂಪನಿಗಳಾದ ಟಿಫನಿ, ಚೆಸ್ಟರ್‌ಫೀಲ್ಡ್, ಮೆಜೆಸ್ಟಿಕ್ ತೆಗೆದ ಚಿತ್ರಗಳಿಗೆ ಹಕ್ಕುದಾರರೇ ಇರದಿದ್ದರೆ ಕೆಟ್ಟ ಪ್ರತಿ ಬೇಗ ಸಿಗುತ್ತದೆ, ಒಳ್ಳೆಯ ಪ್ರತಿಗೆ ದುಡ್ಡು ಹಾಕುವವರು ಇರುವುದಿಲ್ಲ.

ಕೊನೆಗೆ ಸಿನಿಮಾ ಹಬ್ಬಗಳು. ಇಟಲಿಯ ಬೊಲೊನ್ಯಾದಲ್ಲಿ ಪ್ರತಿ ಬೇಸಿಗೆ ನಡೆಯುವ ಇಲ್ ಚಿನೆಮಾ ರಿತ್ರೊವಾತೊ, ನ್ಯೂಯಾರ್ಕ್ ರಾಜ್ಯದ ರೋಮ್ ಎಂಬ ಊರಿನ ಕ್ಯಾಪಿಟಲ್‌ಫೆಸ್ಟ್, ಇವುಗಳ ಕಾರ್ಯಕ್ರಮ ಪಟ್ಟಿಯನ್ನು ಹೋಗಲಾಗದಿದ್ದರೂ ಓದಿ. ಪ್ರಿಂಟ್ ಯಾವ ಸಂಗ್ರಹಾಲಯದ್ದು ಅಂತ ಅದರಲ್ಲಿ ಬರೆದಿರುತ್ತಾರೆ. ಅಲ್ಲಿಗೆ ಚಿತ್ರ ಬದುಕಿದೆ, ಎಲ್ಲಿದೆ ಎರಡೂ ಗೊತ್ತಾಯಿತು.

ಸಂಗ್ರಹಾಲಯಕ್ಕೆ ಬರೆದರೆ ತೋರಿಸ್ತಾರಾ?

ಲೈಬ್ರರಿ ಆಫ್ ಕಾಂಗ್ರೆಸ್, ಲಾಸ್ ಏಂಜಲೀಸಿನ ಯುಸಿಎಲ್‌ಎ ವಿಶ್ವವಿದ್ಯಾಲಯದ ಸಂಗ್ರಹಾಲಯ, ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ (ಬಿಎಫ್‌ಐ) ಥರದ ಕಡೆ ಸಂಶೋಧನೆಗೆ ಅಂತ ಮೊದಲೇ ಕೇಳಿಕೊಂಡರೆ ಅಲ್ಲೇ ಕೂತು ನೋಡಲು ಅವಕಾಶ ಇರುತ್ತದೆ. ಆದರೆ ಪ್ರಿಂಟ್ ಇದೆ ಅಂದಾಕ್ಷಣ ನೋಡಬಹುದು ಅಂತಲ್ಲ. ಇರುವುದು ನೆಗೆಟಿವ್ ಮಾತ್ರವಾದರೆ, ಅಥವಾ ಒಂದೇ ಒಂದು ನೈಟ್ರೇಟ್ ಪ್ರತಿಯಾದರೆ ಕೈಗೆ ಕೊಡುವುದಿಲ್ಲ. ಕೊಡಬಾರದು ಕೂಡ. ಬರೆಯುವಾಗ ಚಿತ್ರದ ಹೆಸರು, ವರ್ಷ, ನಿರ್ದೇಶಕರು, ಯಾಕೆ ಬೇಕು, ಇಷ್ಟನ್ನು ನಾಲ್ಕು ಸಾಲಿನಲ್ಲಿ ಮುಗಿಸಿ. ಪ್ರತಿ ಮಾಡಿಕೊಡಿ ಅಂತ ಕೇಳಬೇಡಿ. ಫಿಲ್ಮು ಅವರದು, ಹಕ್ಕು ಬೇರೆಯವರದು.

ಅಂತರ್ಜಾಲದಲ್ಲಿ ಉಚಿತವಾಗಿ ಇರುವುದನ್ನು ನೋಡಬಹುದಾ?

ಚಿತ್ರದಿಂದ ಚಿತ್ರಕ್ಕೆ, ದೇಶದಿಂದ ದೇಶಕ್ಕೆ ಉತ್ತರ ಬೇರೆ. ಅಮೆರಿಕದಲ್ಲಿ ಈ ಕಾಲದ ಚಿತ್ರಗಳ ಹಕ್ಕು 95 ವರ್ಷ. 1929ರ ಚಿತ್ರಗಳು 2025ರ ಜನವರಿ 1ರಂದು, 1930ರವು 2026ರ ಜನವರಿ 1ರಂದು ಎಲ್ಲರ ಸ್ವತ್ತಾದವು. 28ನೇ ವರ್ಷಕ್ಕೆ ಹಕ್ಕು ನವೀಕರಿಸದ ಅಲ್ಲಿನ ಚಿತ್ರಗಳು ಇನ್ನೂ ಮೊದಲೇ ಬಿಡುಗಡೆಯಾಗಿವೆ. ಯುರೋಪಿನಲ್ಲಿ ನಿರ್ದೇಶಕ, ಚಿತ್ರಕತೆಗಾರ ಮುಂತಾದವರಲ್ಲಿ ಕೊನೆಯವರು ತೀರಿಕೊಂಡು 70 ವರ್ಷ ಕಳೆಯಬೇಕು. ಲ್ಯಾಂಗ್ ತೀರಿಕೊಂಡದ್ದು 1976ರಲ್ಲಿ, ನೀವೇ ಲೆಕ್ಕ ಹಾಕಿ. ಚಿತ್ರದ ಹಕ್ಕು ಮುಗಿದಿದ್ದರೂ ಹೊಸದಾಗಿ ಸೇರಿಸಿದ ಸಂಗೀತಕ್ಕೋ ಸಬ್‌ಟೈಟಲಿಗೋ ಬೇರೆ ಹಕ್ಕು ಇರಬಹುದು.

ಮಾತು ಕೇಳೋದೇ ಇಲ್ಲ, ಸಬ್‌ಟೈಟಲ್ ಕೂಡ ಇಲ್ಲ. ಏನು ಮಾಡಲಿ?

ಇಯರ್‌ಫೋನ್ ಹಾಕಿ, ಮಂದ್ರ (ಬೇಸ್) ಕಡಿಮೆ ಮಾಡಿ. ಸರ‍್ರ್ ಅನ್ನೋ ಸದ್ದನ್ನು ಪೂರ್ತಿ ಅಳಿಸುವ ಸಾಫ್ಟ್‌ವೇರ್ ಗೋಜಿಗೆ ಹೋಗಬೇಡಿ, ಅದು ಸದ್ದಿನ ಜೊತೆ ವ್ಯಂಜನಗಳನ್ನೂ ನುಂಗಿಬಿಡುತ್ತದೆ. ಇನ್ನೊಂದು ದಾರಿ ಬಹಳ ಜನರಿಗೆ ಗೊತ್ತಿಲ್ಲ. ನ್ಯೂಯಾರ್ಕ್ ರಾಜ್ಯದ ಸೆನ್ಸಾರ್ ಕಚೇರಿ ಒಪ್ಪಿಗೆಗೆ ಬಂದ ಚಿತ್ರಗಳ ಸಂಭಾಷಣೆಯ ಪ್ರತಿಯನ್ನು ಕೇಳಿ ಪಡೆಯುತ್ತಿತ್ತು. ಆ ಕಾಗದಗಳು ಈಗ ನ್ಯೂಯಾರ್ಕ್ ಸ್ಟೇಟ್ ಆರ್ಕೈವ್ಸ್‌ನಲ್ಲಿ ಇವೆ. ಯಾವ ಮಾತಿಗೆ ಕತ್ತರಿ ಹಾಕಬೇಕು ಅಂತ ತರಿಸಿಕೊಂಡ ಕಾಗದ, ಇವತ್ತು ಆ ಮಾತು ಏನಿತ್ತು ಅಂತ ತಿಳಿಯಲು ಇರುವ ಒಳ್ಳೆಯ ಆಧಾರ!

ಹಳೆಯ ಫಿಲ್ಮ್ ಡಬ್ಬಿ ಸಿಕ್ಕರೆ?

ಮೊದಲು ಅಗಲ ನೋಡಿ. 16 ಎಂಎಂ ಆದರೆ ಬೆಂಕಿಯ ಭಯ ಇಲ್ಲ, ಅದು ಸೇಫ್ಟಿ ಫಿಲ್ಮು. ವಿನೆಗರ್ ವಾಸನೆ ಬಂದರೆ ಹಾಳಾಗಲು ಶುರುವಾಗಿದೆ ಅಂತ ಅರ್ಥ. 35 ಎಂಎಂ ಆಗಿದ್ದು, 1950ರ ದಶಕದ ಶುರುವಿಗಿಂತ ಹಳೆಯದಾಗಿದ್ದರೆ ನೈಟ್ರೇಟ್ ಅಂತಲೇ ತಿಳಿದು ನಡೆದುಕೊಳ್ಳಿ. ಹತ್ತಿಕೊಂಡರೆ ತನಗೆ ಬೇಕಾದ ಆಮ್ಲಜನಕವನ್ನು ತಾನೇ ಹುಟ್ಟಿಸಿಕೊಂಡು ಉರಿಯುತ್ತದೆ, ನೀರು ಹೊಯ್ದರೂ ಆರುವುದಿಲ್ಲ. ಪ್ರೊಜೆಕ್ಟರಿಗೆ ಹಾಕಿ ನೋಡುವ ಆಸೆ ಬೇಡವೇ ಬೇಡ. ಬಿಸಿಲು, ಬಲ್ಬು, ಸಿಗರೇಟಿನಿಂದ ದೂರ, ತಂಪಾಗಿ ಗಾಳಿಯಾಡುವ ಕಡೆ ಇಡಿ. ಪದರಗಳು ಅಂಟಿಕೊಂಡಿದ್ದರೆ ಬಿಡಿಸಲು ಹೋಗಬೇಡಿ. ಡಬ್ಬಿಯ ಮೇಲಿನ ಚೀಟಿ, ರೀಲಿನ ನಂಬರು, ಫಿಲ್ಮಿನ ಅಂಚಿನ ಅಕ್ಷರ ಇವುಗಳ ಫೋಟೋ ತೆಗೆದು ಹತ್ತಿರದ ಫಿಲ್ಮ್ ಸಂಗ್ರಹಾಲಯಕ್ಕೆ ಕಳಿಸಿ. ಅಂಚೆ, ಕೊರಿಯರ್‌ನಲ್ಲಿ ಡಬ್ಬಿಯನ್ನೇ ಕಳಿಸಬೇಡಿ. ಅಪಾಯಕಾರಿ ವಸ್ತು ಸಾಗಿಸುವ ನಿಯಮ ಇದಕ್ಕೂ ಇದೆ, ಸಾಗಿಸುವ ಏರ್ಪಾಡನ್ನು ಸಂಗ್ರಹಾಲಯದವರೇ ಹೇಳುತ್ತಾರೆ. ಚೀಟಿಯ ಮೇಲಿನ ಹೆಸರನ್ನು ಮಾತ್ರ ಪೂರ್ತಿ ನಂಬಬೇಡಿ. ಡಬ್ಬಿ ಒಂದರದು, ಒಳಗಿನ ರೀಲು ಇನ್ನೊಂದರದು ಆಗಿರುವುದು ಸಾಮಾನ್ಯ.